ಮೂಗಣ್ಣನ ಹಸಿರು ಕೊಳ

ಹಾಲಿನ ಕಾರ್ಖಾನೆಗೆ ಹೊಸದಾಗಿ ಸೇರಿದವರು ಮೊದಮೊದಲು ಅವನ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಎಲ್ಲರೂ ಮೂಗಣ್ಣ, ಮೂಗಣ್ಣ ಅಂತ ಕರೆಯುವುದನ್ನು ಕೇಳಿ, ಪಾಪ, ಇವನಿಗೆ ಮಾತು ಬರುವುದಿಲ್ಲವೇನೋ ಅಂದುಕೊಂಡುಬಿಡುತ್ತಿದ್ದರು. ಅವನೂ ಸ್ವಲ್ಪ ಹೊತ್ತು ತಮಾಷೆ ನೋಡಿ, ಆಮೇಲೆ ಗಂಟಲು ಸರಿಮಾಡಿಕೊಂಡು, "ಮೂಗ ಅಲ್ಲಪ್ಪಾ, ಮೂಗು. ಇದು, ಇದು" ಅಂತ ತನ್ನ ಉದ್ದನೆಯ ಮೂಗನ್ನು ಮುಟ್ಟಿ ತೋರಿಸುತ್ತಿದ್ದ.

ಕಾರ್ಖಾನೆ ಸಂಬಳ ಕೊಡುತ್ತಿದ್ದದ್ದು ಅವನಿಗಲ್ಲ, ಆ ಮೂಗಿಗೆ ಅಂದರೂ ತಪ್ಪಿಲ್ಲ. ಬೆಳಗಾಗುತ್ತಲೇ ಸುತ್ತಲಿನ ಹಳ್ಳಿಗಳಿಂದ ಹಾಲಿನ ಕ್ಯಾನುಗಳು ಬಂದು ಇಳಿಯುವ ಕಟ್ಟೆಯ ಮೇಲೆ ಅವನು ನಿಲ್ಲುತ್ತಿದ್ದ. ಮುಚ್ಚಳ ತೆಗೆದು, ಅದರ ಒಳಮೈಯನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಒಂದು ಉಸಿರು ಎಳೆದು, "ಒಳಗೆ" ಅಥವಾ "ಪಕ್ಕಕ್ಕೆ" ಅನ್ನುತ್ತಿದ್ದ. ಅಷ್ಟೇ ಕೆಲಸ. ಪ್ರಯೋಗಾಲಯದ ಪರೀಕ್ಷೆ ಆಮೇಲೆ ನಡೆಯುತ್ತಿತ್ತು. ಆದರೆ ಕೆಟ್ಟ ಒಂದು ಕ್ಯಾನು ದೊಡ್ಡ ತೊಟ್ಟಿಗೆ ಸುರಿದುಹೋದರೆ ಪರೀಕ್ಷೆ ಮಾಡಿ ಏನು ಬಂತು? ಅದಕ್ಕೇ ಬಾಗಿಲಲ್ಲಿ ಅವನು. ಹುಳಿ ತಿರುಗುತ್ತಿರುವ ಹಾಲು, ಸರಿಯಾಗಿ ತೊಳೆಯದ ಕ್ಯಾನು, ಕಂಡಕಂಡ ಗಿಡ ಮೇದು ಬಂದ ಹಸು, ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ಒಮ್ಮೆ ಒಬ್ಬ ಲಾರಿ ಡ್ರೈವರಿಗೆ, "ಈ ಕ್ಯಾನು ಡೀಸೆಲ್ ಡಬ್ಬದ ಪಕ್ಕ ಕೂತುಕೊಂಡು ಬಂದಿದೆಯಲ್ಲಾ?" ಅಂತ ಕೇಳಿ ಅವನು ಬಾಯಿಬಿಟ್ಟು ನಿಲ್ಲುವಂತೆ ಮಾಡಿದ್ದ. ಆ ಡ್ರೈವರು ಮುಂದೆ ಎಷ್ಟೋ ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ.

ಆಮೇಲೆ ಜ್ವರ ಬಂತು. ದೊಡ್ಡ ಜ್ವರವೇನಲ್ಲ. ಮಲಗಿದ, ಬೆವರಿದ, ಎದ್ದ. ಎದ್ದ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದ. ಹೆಂಡತಿ ಒಳಗಿನ ಕೋಣೆಯಿಂದ ಕೂಗುತ್ತಾ ಓಡಿಬಂದು ಗ್ಯಾಸು ಆರಿಸಿದಳು.

"ಏನ್ರೀ, ಪಕ್ಕದಲ್ಲೇ ಕೂತಿದ್ದೀರಿ! ಹಾಲು ಉಕ್ಕಿ, ಸೀದು, ತಳ ಹತ್ತಿ, ಮನೆಯೆಲ್ಲಾ ಹೊಗೆ ತುಂಬ್ಕೊಂಡಿದೆ. ಊರಿನ ಹಾಲೆಲ್ಲಾ ಮೂಸೋ ಮೂಗಿಗೆ ಮನೆ ಹಾಲು ಕಾಣಲ್ವಾ?"

ಮೂಗಣ್ಣ ಎದ್ದು ಪಾತ್ರೆಯ ಹತ್ತಿರ ಹೋದ. ಬಗ್ಗಿ ಮೂಸಿದ. ಸುಟ್ಟ ಹಾಲು ಕಪ್ಪಗೆ ಕಾಣುತ್ತಿತ್ತು, ಕಣ್ಣು ಉರಿಯುತ್ತಿತ್ತು, ಆದರೆ ವಾಸನೆ ಅನ್ನುವುದು ಇರಲಿಲ್ಲ. ಸೋಪು ಮೂಸಿದ. ಈರುಳ್ಳಿ ಹೆಚ್ಚಿ ಮೂಸಿದ. ಸೀಮೆಎಣ್ಣೆ ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಕೊನೆಗೆ ಹೆಂಡತಿಯ ಮುಖ ನೋಡಿದ. ಅವಳಿಗೆ ಅರ್ಥವಾಯಿತು. ಅವನನ್ನು ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

ಇನ್ನೊಬ್ಬನಾಗಿದ್ದರೆ ನಾಳೆ ಸರಿಹೋದೀತು ಅಂತ ಕೆಲವು ದಿನ ಕಟ್ಟೆಯ ಮೇಲೆ ನಾಟಕ ಆಡುತ್ತಿದ್ದನೋ ಏನೋ. ಮೂಗಣ್ಣ ಅದೇ ದಿನ ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತ.

"ಸಾರ್, ಹೋಗಿಬಿಡ್ತು."

"ಅಯ್ಯೋ ದೇವರೇ! ಯಾರು?" ಅಂತ ಮ್ಯಾನೇಜರು ಕುರ್ಚಿ ಬಿಟ್ಟು ಎದ್ದರು.

"ಯಾರೂ ಅಲ್ಲ ಸಾರ್. ಮೂಗು."

ಮ್ಯಾನೇಜರು ನಗಬೇಕೋ ಅಳಬೇಕೋ ತಿಳಿಯದೆ ಮತ್ತೆ ಕೂತರು. ವೈದ್ಯರ ಹತ್ತಿರ ಕಳಿಸಿದರು. ವೈದ್ಯರು ದೀಪ ಹಾಕಿ ನೋಡಿ, ಒಳಗಿನ ನರಕ್ಕೆ ಪೆಟ್ಟಾಗಿದೆ, ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಕಟ್ಟೆಗೆ ಬೇರೆಯವನನ್ನು ಹಾಕಲೇಬೇಕಾಯಿತು. ಮ್ಯಾನೇಜರು ಅವನನ್ನು ಕರೆದು, ಎದುರಿಗೆ ಕೂರಿಸಿಕೊಂಡು, ಮೇಜಿನ ಮೇಲಿನ ಪೆನ್ನನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಸುತ್ತಾ ಹೇಳಿದರು: "ನಿಮ್ಮನ್ನ ಕಳಿಸಲ್ಲ. ಆ ಮಾತೇ ಬೇಡ. ಆದರೆ ಸದ್ಯಕ್ಕೆ ಖಾಲಿ ಇರೋದು ಒಂದೇ ಜಾಗ. ಹಿತ್ತಲು. ಗಾಯದ ಮೇಲೆ ಬರೆ ಎಳೆದ ಹಾಗೆ ಆಗುತ್ತೇನೋ ಅಂತ ಹೇಳೋಕೆ ನಾಲಿಗೆ ಬರ್ತಿಲ್ಲ."

ಹಿತ್ತಲು ಅಂದರೆ ಕಾರ್ಖಾನೆಯ ಕೊಳೆನೀರು ಹೋಗಿ ಸೇರುವ ಜಾಗ. ತೊಟ್ಟಿ ತೊಳೆದ ನೀರು, ನೆಲ ತೊಳೆದ ನೀರು, ಚೀಸ್ ಮಾಡಿದ ಮೇಲೆ ಉಳಿಯುವ ಹುಳಿ ತಿಳಿನೀರು, ಎಲ್ಲವೂ ಅಲ್ಲಿಗೇ. ಹಾಲು ಎಷ್ಟು ಒಳ್ಳೆಯದೋ, ಕೆಟ್ಟರೆ ಅಷ್ಟೇ ಕೆಟ್ಟದ್ದು. ಅಲ್ಲಿಗೆ ಹಾಕಿದ ಯಾರೂ ನಿಲ್ಲುತ್ತಿರಲಿಲ್ಲ. ಮೂಗು ಮುಚ್ಚಿಕೊಂಡು ಒಳಗೆ ಹೋದವರು ವಾಂತಿ ಮಾಡಿಕೊಂಡು ಹೊರಗೆ ಬರುತ್ತಿದ್ದರು.

"ನನಗೇನು ಸಾರ್, ಅತ್ತರಿನಂಗಡಿಯೂ ಒಂದೇ, ಗಟಾರವೂ ಒಂದೇ" ಅಂದ ಮೂಗಣ್ಣ. ನಗಿಸಲೆಂದು ಹೇಳಿದ ಮಾತು. ಇಬ್ಬರೂ ನಗಲಿಲ್ಲ. ಆದರೂ ಹೊರಗೆ ಬರುವಾಗ, ಕಳಿಸಲ್ಲ ಅನ್ನುವ ಮಾತನ್ನು ಆ ಮನುಷ್ಯ ಮೊದಲು ಹೇಳಿದರಲ್ಲ, ಅನ್ನುವುದು ಅವನ ಮನಸ್ಸಿನಲ್ಲಿ ಉಳಿಯಿತು.

ಆ ಮೊದಲ ವರ್ಷ ಅವನಿಗೆ ಕಷ್ಟವಾದದ್ದು ಹಿತ್ತಲಿನಲ್ಲಲ್ಲ, ಮನೆಯಲ್ಲಿ. ಅನ್ನ ತಿಂದರೆ ಹತ್ತಿ ಅಗಿದ ಹಾಗೆ. ಹಣ್ಣು ಬರೀ ಒದ್ದೆ. ಹೆಂಡತಿ ಮೊದಮೊದಲು ಏನೇನೋ ಮಾಡಿ ಬಡಿಸಿ ಅವನ ಮುಖ ನೋಡುತ್ತಿದ್ದಳು. ಅವನು "ಚೆನ್ನಾಗಿದೆ" ಅಂದರೆ ಸುಳ್ಳು ಅಂತ ಇಬ್ಬರಿಗೂ ಗೊತ್ತು. ಅವಳು ಮನೆಯಲ್ಲೇ ಹೊಲಿಗೆ ಹಾಕುವವಳು. ಹಳೆಯ ಬಟ್ಟೆ ಬಿಚ್ಚಿ ಹೊಸ ಅಳತೆಗೆ ತರುವುದರಲ್ಲಿ ಅವಳ ಕೈ ಪಳಗಿತ್ತು. ಗಂಡನ ಊಟಕ್ಕೂ ಅವಳು ಅದನ್ನೇ ಮಾಡಿದಳು. ನಾಲಿಗೆಗೆ ಖಾರದ ಉರಿ ತಿಳಿಯುತ್ತೆ, ಪುದೀನದ ತಂಪು ತಿಳಿಯುತ್ತೆ, ಹಲ್ಲಿಗೆ ಗರಿಗರಿ ತಿಳಿಯುತ್ತೆ ಅಂತ ಪತ್ತೆ ಹಚ್ಚಿ, ಅವನ ತಟ್ಟೆಗೆ ಕುದಿಯುವುದರ ಪಕ್ಕ ತಣ್ಣಗಿನದು, ಮೆತ್ತಗಿನದರ ಮೇಲೆ ಕಟುಮ್ ಅನ್ನುವುದು ಇಡತೊಡಗಿದಳು. ಬಡಿಸುತ್ತಾ ವಾಸನೆಯನ್ನು ಬಾಯಲ್ಲಿ ಹೇಳುತ್ತಿದ್ದಳು. "ಇವತ್ತು ಬೆಳ್ಳುಳ್ಳಿ ಚೆನ್ನಾಗಿ ಕೆಂಪಗಾಗಿದೆ, ಕೇಳಿಸ್ಕೊಳ್ಳಿ. ಮೇಲೆ ಸ್ವಲ್ಪ ನಿಂಬೆಸಿಪ್ಪೆ." ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡು ತಿನ್ನುತ್ತಿದ್ದ. ಕಿವಿಯಲ್ಲಿ ಊಟ ಮಾಡಿದವನು ಈ ಲೋಕದಲ್ಲಿ ನಾನೊಬ್ಬನೇ ಅಂತ ಅವನು ಆಮೇಲೆ ನಗುನಗುತ್ತಾ ಹೇಳಿಕೊಳ್ಳುತ್ತಿದ್ದ. ಆಗ ಮಾತ್ರ ನಗು ಬರುತ್ತಿರಲಿಲ್ಲ.

ಹಿತ್ತಲಿಗೆ ಬದಲಾವಣೆ ಬಂದದ್ದು ಪಾಚಿ ಮೇಡಂ ಬಂದ ಮೇಲೆ. ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಗಿಡ್ಡ ಕೂದಲು, ರಬ್ಬರಿನ ಬೂಟು, ಕೈಯಲ್ಲಿ ಹಸಿರು ನೀರು ತುಂಬಿದ ಗಾಜಿನ ಬಾಟಲಿ. ಗೋಡೆಯ ಆಚೆಯ ಬೀದಿಯವರ ದೂರು ಕೇಳಿ ಕೇಳಿ ಸಾಕಾಗಿದ್ದ ಮ್ಯಾನೇಜರು, ಏನಾದರೂ ಮಾಡಮ್ಮ ಅಂತ ಅವಳಿಗೆ ಹಿತ್ತಲು ಬಿಟ್ಟುಕೊಟ್ಟಿದ್ದರು. ಅವಳು ಬಾಟಲಿಯನ್ನು ಬಿಸಿಲಿಗೆ ಹಿಡಿದು ಮೂಗಣ್ಣನಿಗೆ ತೋರಿಸಿದಳು.

"ಇದು ಪಾಚಿ ಅಣ್ಣ. ಕಲ್ಲಿನ ಮೇಲೆ ಜಾರುತ್ತಲ್ಲ, ಆ ಥರದ್ದಲ್ಲ. ಒಂದೊಂದೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ನಿಮ್ಮ ಕೊಳೆನೀರು ಇದಕ್ಕೆ ಮೃಷ್ಟಾನ್ನ."

"ನಮ್ಮ ಹೊಲಸು ತಿಂದು ಬದುಕುತ್ತಾ?"

"ಬದುಕೋದೇನು, ಮೈ ತುಂಬಿಕೊಳ್ಳುತ್ತೆ. ಬಿಸಿಲಿದ್ದರೆ ನೀರಿಗೆ ಉಸಿರನ್ನೂ ಕೊಡುತ್ತೆ. ನೀರಿಗೆ ಉಸಿರಿದ್ದರೆ ಅದು ಕೊಳೆಯಲ್ಲ, ನಾರಲ್ಲ."

ಓಟದ ಮೈದಾನದ ಹಾಗೆ ಉದ್ದಕ್ಕೆ ಹೋಗಿ ಸುತ್ತಿ ಬರುವ, ಮೊಣಕಾಲುದ್ದದ ಸಿಮೆಂಟಿನ ಕೊಳ ಕಟ್ಟಿಸಿದರು. ನೀರು ನಿಲ್ಲದೆ ಹರಿಯುವಂತೆ ಒಂದು ಕಡೆ ರೆಕ್ಕೆಗಳಿದ್ದ ಚಕ್ರ. ಮೂಗಣ್ಣನಿಗೆ ಮೇಡಂ ತಾಳ್ಮೆಯಿಂದ ಎಲ್ಲವನ್ನೂ ಕಲಿಸಿದಳು. ಮೊದಲು ಜಿಡ್ಡು ತೆಗೆಯಬೇಕು, ಇಲ್ಲದಿದ್ದರೆ ಅದು ಮೇಲೆ ಚಾದರದಂತೆ ಹರಡಿ ಬಿಸಿಲು ಒಳಗೆ ಇಳಿಯುವುದಿಲ್ಲ. ತೊಟ್ಟಿ ತೊಳೆಯುವ ಔಷಧದ ನೀರನ್ನು ನೇರವಾಗಿ ಬಿಡಬಾರದು, ಪಾಚಿ ಸುಟ್ಟುಹೋಗುತ್ತೆ. ಕೊಳೆನೀರನ್ನು ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಕೋಲಿನ ತುದಿಗೆ ಬಿಳಿ ತಟ್ಟೆ ಕಟ್ಟಿ ನೀರಿಗೆ ಇಳಿಸಿ, ಅದು ಎಲ್ಲಿ ಮರೆಯಾಗುತ್ತೆ ನೋಡಿದರೆ ಪಾಚಿ ಎಷ್ಟು ದಟ್ಟವಾಗಿದೆ ಅಂತ ತಿಳಿಯುತ್ತೆ. ಅವನು ತಪ್ಪು ಮಾಡಿದಾಗ ಅವಳು ರೇಗುತ್ತಿರಲಿಲ್ಲ. "ನನ್ನ ಮೊದಲ ಕೊಳ ನಾನೇ ಕೊಂದಿದ್ದೆ ಅಣ್ಣ" ಅಂತ ನಗುತ್ತಿದ್ದಳು.

ಕಂದು ಬಣ್ಣದ ನೀರು ಒಂದು ಬೆಳಿಗ್ಗೆ ತಿಳಿ ಹಸಿರಾಗಿತ್ತು. ಆಮೇಲೆ ಗಿಳಿಹಸಿರು. ಆಮೇಲೆ ಎಂಥ ದಟ್ಟ ಹಸಿರೆಂದರೆ ಮೂಗಣ್ಣ ಊಟದ ಡಬ್ಬಿ ತೆರೆದು ಅದರ ಪಕ್ಕವೇ ಕೂರತೊಡಗಿದ. ಮೂಗು ಹೋದ ಮೇಲೆ ಲೋಕವೇ ಸಪ್ಪೆಯಾಗಿದ್ದವನಿಗೆ ನೋಡಿದಷ್ಟೂ ತೀರದ ಒಂದು ವಸ್ತು ಸಿಕ್ಕಿತ್ತು. ಬೆಳಿಗ್ಗೆ ಬೇರೆ ಹಸಿರು, ಮಧ್ಯಾಹ್ನ ಬೇರೆ. ಕೊಳದ ಮುಂದೆ ನಿಂತು, "ಏನಮ್ಮ, ಹಸಿವಾಯ್ತಾ?" ಅಂತ ಮಾತಾಡಿಸುತ್ತಿದ್ದ. ಕೇಳಿದವರು, ಮೂಗಿನ ಜೊತೆ ತಲೆಯೂ ಹೋಯಿತು ಅಂದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಹೀಗಿರುವಾಗ ಮೋಡ ಕವಿಯಿತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಆಕಾಶಕ್ಕೆ ಬೂದುಬಣ್ಣದ ಮುಚ್ಚಳ ಹಾಕಿದ ಹಾಗೆ ದಿನಗಟ್ಟಲೆ ಅದೇ ಮಂಕು. ಮೇಡಂ ಬೇರೆ ಊರಿಗೆ ಹೋಗಿದ್ದಳು. ಕಾರ್ಖಾನೆಯ ಕೆಲಸ ನಿಲ್ಲುವುದಿಲ್ಲವಲ್ಲ, ಕೊಳೆನೀರು ಬರುತ್ತಲೇ ಇತ್ತು. ಮೂಗಣ್ಣ ಎಂದಿನಷ್ಟೇ ಉಣಿಸಿದ. ಬಿಳಿ ತಟ್ಟೆ ಇಳಿಸಿ ನೋಡಿದ. ಹಸಿರು ಹಾಗೇ ಇತ್ತು. ಎಲ್ಲ ಸರಿಯಾಗಿದೆ ಅಂದುಕೊಂಡ.

ಅಂದು ಅವನು ಊಟದ ಡಬ್ಬಿ ಮನೆಯಲ್ಲೇ ಮರೆತಿದ್ದ. ಹೆಂಡತಿ ತಂದುಕೊಡಲು ಬಂದಳು. ಹಿತ್ತಲಿನ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಏನ್ರೀ ಇದು? ಕೊಳೆತ ಮೊಟ್ಟೆ ಒಡೆದ ಹಾಗಿದೆ!"

"ಹಿತ್ತಲಲ್ವಾ, ಅದು ಯಾವಾಗಲೂ ಇದ್ದದ್ದೇ ಕಣೇ."

"ಇದ್ದದ್ದಲ್ಲ. ಹೋದ ಸಲ ಬಂದಾಗ ಬರೀ ಹುಳಿ ಮಜ್ಜಿಗೆ ವಾಸನೆ. ಇದು ಬೇರೆ. ಇದು ಸತ್ತ ವಾಸನೆ."

ಮೂಗಣ್ಣ ಎದ್ದು ನಿಂತ. ಆ ಕಡೆಯಿಂದ ನಾತ ಬರುವುದು ಕಾರ್ಖಾನೆಯವರಿಗೆಲ್ಲ ರೂಢಿಯಾಗಿದ್ದರಿಂದ ಯಾರಿಗೂ ಹೊಸದೆನಿಸಿರಲಿಲ್ಲ. ಅವನಿಗಂತೂ ತಿಳಿಯುವ ಮಾತೇ ಇಲ್ಲ. "ಎಲ್ಲಿಂದ ಬರ್ತಿದೆ, ಹೇಳು" ಅಂದ. ಅವಳು ಡಬ್ಬಿ ಕೆಳಗಿಟ್ಟು, ಸೆರಗು ಸರಿಸಿ, ಮುಖ ಕಿವುಚಿಕೊಂಡೇ ಕೊಳದ ಅಂಚಿನುದ್ದಕ್ಕೂ ನಡೆದಳು. ಇಲ್ಲಿ ಕಡಿಮೆ. ಇಲ್ಲಿ ಸ್ವಲ್ಪ. ಚಕ್ರದಿಂದ ದೂರದ ತಿರುವಿನಲ್ಲಿ ನಿಂತು, "ಇಲ್ಲೇ, ಇಲ್ಲೇ" ಅಂತ ಕೈ ತೋರಿಸಿ ಅತ್ತ ತಿರುಗಿ ಕೆಮ್ಮಿದಳು.

ಅವನು ಕುಂಟೆ ತಂದು ತಳ ಕೆದಕಿದ. ಮೇಲೆ ಹಸಿರು, ಕೆಳಗೆ ಕಪ್ಪು ರಾಡಿ, ಗುಳುಗುಳು ಗುಳ್ಳೆ. ನೀರಿನ ಓಟ ಮುಟ್ಟದ ಆ ಮೂಲೆಯಲ್ಲಿ ತಿನ್ನದೆ ಉಳಿದ ಕೊಳೆಯೆಲ್ಲ ಕೂತು ಕೊಳೆಯತೊಡಗಿತ್ತು. ಅವನು ಓಡಿಹೋಗಿ ಕೊಳೆನೀರಿನ ಗೇಟು ಮುಚ್ಚಿ, ಅದನ್ನು ಪಕ್ಕದ ತೊಟ್ಟಿಗೆ ತಿರುಗಿಸಿದ. ಪ್ಯಾಂಟು ಮಡಚಿ ಕೊಳಕ್ಕೆ ಇಳಿದು ರಾಡಿಯನ್ನು ಬಕೆಟ್ಟಿಗೆ ಎಳೆದ. ಹೆಂಡತಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಕೆಟ್ಟು ಹೊತ್ತಳು.

"ನೀನು ಬೇಡ ಬಿಡೇ, ವಾಂತಿ ಬರುತ್ತೆ."

"ಬಂದರೆ ಬರಲಿ. ಇಲ್ಲಿ ಮೂಗಿರೋಳು ನಾನೊಬ್ಬಳೇ. ಇನ್ನೂ ಎಡಕ್ಕೆ ಎಳೀರಿ, ಅಲ್ಲಿ ಇನ್ನೂ ಇದೆ."

ಸಂಜೆಯವರೆಗೆ ಇಬ್ಬರೂ ಅದನ್ನೇ ಮಾಡಿದರು. ಊಟದ ಡಬ್ಬಿ ತೆರೆಯಲೇ ಇಲ್ಲ. ಸುದ್ದಿ ತಿಳಿದ ಮೇಡಂ ಮರುದಿನವೇ ಬಂದಳು. ನೀರಿನಲ್ಲಿ ಉಸಿರೆಷ್ಟಿದೆ ಅಂತ ಅಳೆಯುವ ಯಂತ್ರ ಇಳಿಸಿ ನೋಡಿ ಉಸ್ಸೆಂದಳು.

"ತಪ್ಪು ನನ್ನದೂ ಇದೆ ಅಣ್ಣ. ಮೋಡ ಬಂದರೆ ಊಟ ಕಡಿಮೆ ಮಾಡಿ ಅಂತ ಹೇಳೋದು ಮರೆತಿದ್ದೆ. ಬಿಸಿಲಿಲ್ಲದೆ ಇದಕ್ಕೆ ಜೀರ್ಣ ಆಗಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಇಡೀ ಕೊಳ ಕೈಬಿಟ್ಟುಹೋಗ್ತಿತ್ತು. ಯಾರು ಕಂಡುಹಿಡಿದದ್ದು?"

ಮೂಗಣ್ಣ ಆಚೆ ಬಕೆಟ್ಟು ತೊಳೆಯುತ್ತಿದ್ದ ಹೆಂಡತಿಯ ಕಡೆ ಗಲ್ಲ ಎತ್ತಿ ತೋರಿಸಿದ.

ಮೇಡಂ ಮ್ಯಾನೇಜರ ಹತ್ತಿರ ಹೋಗಿ ಏನು ಹೇಳಿದಳೋ, ಮುಂದಿನ ವಾರ ಹಿತ್ತಲಿನಲ್ಲಿ ಇನ್ನೊಂದು ಕೆಲಸ ಹುಟ್ಟಿತು, ಕೊಳ ಮೂಸುವ ಕೆಲಸ. ಹೆಂಡತಿ ಮೊದಲು ಮೂಗು ಮುರಿದಳು. "ನನ್ನ ಹೊಲಿಗೆ ಯಾರು ಮಾಡ್ತಾರೆ? ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಜೊತೆ ಗಟಾರ ಕಾಯೋಕೆ ಹೋಗ್ಲಾ?" ಅಂದಳು. ಆದರೆ ಬೆಳಗಿನ ಹೊತ್ತು ಮಾತ್ರ ಅಂತ ಒಪ್ಪಿಕೊಂಡಳು. ಬಂದವಳು ಸುಮ್ಮನೆ ಮೂಸಿಕೊಂಡು ಹೋಗುವವಳಲ್ಲ. ಆ ತಿರುವಿನಲ್ಲಿ ನೀರು ಯಾಕೆ ನಿಲ್ಲುತ್ತೆ ಅಂತ ಮೇಡಂಗೆ ಕೇಳಿದಳು. ಇಬ್ಬರೂ ಸೇರಿ ತಗಡಿನ ಹಾಳೆಯೊಂದನ್ನು ಬಾಗಿಸಿ ಅಲ್ಲಿ ನಿಲ್ಲಿಸಿದರು; ಬಿಗಿಯಾದ ಅಂಗಿಯ ಕಂಕುಳಿಗೆ ತುಂಡು ಬಟ್ಟೆ ಸೇರಿಸಿ ಹೊಲಿದ ಹಾಗೆ ಅಂದಳು ಹೆಂಡತಿ. ನೀರು ಮೂಲೆ ಗುಡಿಸಿಕೊಂಡು ಹರಿಯತೊಡಗಿತು.

ಆಮೇಲಿನ ವರ್ಷಗಳು ಅವರಿಬ್ಬರ ಬಾಳಿನಲ್ಲಿ ಬಹಳ ಒಳ್ಳೆಯವು. ಮಕ್ಕಳಿಲ್ಲದ ಮನೆ, ಅವನು ಕಾರ್ಖಾನೆಗೆ, ಅವಳು ಹೊಲಿಗೆ ಯಂತ್ರಕ್ಕೆ, ರಾತ್ರಿ ಊಟಕ್ಕೆ ಮಾತ್ರ ಭೇಟಿ, ಹೀಗೇ ನಡೆದುಬಂದಿತ್ತು. ಈಗ ಬೆಳಿಗ್ಗೆ ಜೊತೆಯಾಗಿ ಹೊರಡುತ್ತಿದ್ದರು. ಅವಳು ಮೂಸಿ ಹೇಳುತ್ತಿದ್ದಳು, ಅವನು ಬಣ್ಣ ನೋಡಿ ಹೇಳುತ್ತಿದ್ದ, ಎರಡೂ ಕೂಡಿದರೆ ಕೊಳದ ಯೋಗಕ್ಷೇಮ ತಿಳಿಯುತ್ತಿತ್ತು. ದಟ್ಟವಾದ ಪಾಚಿಯನ್ನು ತೊಟ್ಟಿಯಲ್ಲಿ ಕೂರಲು ಬಿಟ್ಟು, ತಳದ ಗಸಿಯನ್ನು ಬಟ್ಟೆಯಲ್ಲಿ ಸೋಸಿ, ತಗಡಿನ ಮೇಲೆ ಒಣಗಿಸುತ್ತಿದ್ದರು. ಹಸಿರು ಹಪ್ಪಳದ ಚೂರಿನಂಥ ಅದನ್ನು ಮೀನು ಸಾಕುವವನೊಬ್ಬ ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದ. ಮೇಲೆ ಉಳಿದ ತಿಳಿನೀರಿನಲ್ಲಿ ಲಾರಿ ತೊಳೆಯುತ್ತಿದ್ದರು.

ಒಂದು ದಿನ ಗೋಡೆಯ ಆಚೆ ಬೀದಿಯ ಅಜ್ಜಿ ಗೇಟಿಗೆ ಬಂದಳು. ದೂರು ಕೊಡುವುದರಲ್ಲಿ ಆ ಬೀದಿಗೇ ಮುಂದಾಳು. ಮೂಗಣ್ಣ, ಇವತ್ತು ಗ್ರಹಚಾರ ಬಿಡಿಸುತ್ತಾಳೆ ಅಂದುಕೊಂಡು ಕೈಕಟ್ಟಿ ನಿಂತ.

"ಕಾರ್ಖಾನೆ ಮುಚ್ಚಿಬಿಟ್ರಾ?" ಅಂತ ಕೇಳಿದಳು ಅಜ್ಜಿ.

"ಇಲ್ಲವಲ್ಲಜ್ಜಿ, ನಡೀತಾನೇ ಇದೆ."

"ಮತ್ತೆ ವಾಸನೆ ಎಲ್ಲಿ? ಕಿಟಕಿ ತೆಗೆದು ಮಲಗಿದ್ದೆ, ಏನೂ ಬರಲಿಲ್ಲ. ನನ್ನ ಮೂಗೇ ಹೋಯ್ತೇನೋ ಅಂತ ಭಯ ಆಯ್ತು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಂಡತಿ ಅಜ್ಜಿಯ ಕೈ ಹಿಡಿದು ಕೊಳದ ಹತ್ತಿರ ಕರೆದುಕೊಂಡು ಹೋದಳು. ಅಜ್ಜಿ ಬಹಳ ಹೊತ್ತು ಹಸಿರು ನೀರು ಸುತ್ತುವುದನ್ನು ನೋಡಿದಳು. ಹೋಗುವಾಗ ಮೂಗಣ್ಣನ ಎರಡೂ ಕೆನ್ನೆ ಸವರಿ, "ನನ್ನ ಕಿಟಕಿ ನನಗೆ ಕೊಟ್ಟೆಯಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ" ಅಂದಳು. ಕಟ್ಟೆಯ ಮೇಲೆ ನಿಂತು ಹಾಲು ಮೂಸುತ್ತಿದ್ದ ಕಾಲದಲ್ಲಿ ಬಹಳ ಜನ ಅವನನ್ನು ಹೊಗಳಿದ್ದರು. ಕೆನ್ನೆ ಸವರಿದವರು ಯಾರೂ ಇರಲಿಲ್ಲ.

ಅದಾದ ಎಷ್ಟೋ ದಿನಗಳ ಮೇಲೆ, ಬಿಸಿಲು ಆಗಷ್ಟೇ ನೀರಿಗೆ ಬೀಳುತ್ತಿದ್ದ ಹೊತ್ತು, ಮೂಗಣ್ಣ ಒಣಗಿಸುವ ತಗಡಿನ ಮೇಲೆ ಹಸಿ ಪಾಚಿ ಹರಡುತ್ತಿದ್ದ. ಕೈ ಇದ್ದಕ್ಕಿದ್ದಂತೆ ನಿಂತಿತು. ಏನೋ ಇತ್ತು. ಏನು ಅಂತ ಹೇಳಲು ಬಾರದ, ಎಲ್ಲಿಂದಲೋ ಕರೆದ ಹಾಗಿನ ಏನೋ. ಬಗ್ಗಿದ, ಹೋಯಿತು. ಕಣ್ಣು ಮುಚ್ಚಿದ, ಮತ್ತೆ ಬಂತು. ಅವನಿಗೆ ಭಯವಾಯಿತು.

"ಬಾ ಇಲ್ಲಿ. ಬೇಗ ಬಾ. ಇದು ಈಗ ಏನು ವಾಸನೆ ಬರ್ತಿದೆ, ಹೇಳು."

ಹೆಂಡತಿ ಬಂದು ತಗಡಿನ ಮೇಲೆ ಬಗ್ಗಿದಳು. "ಏನಿಲ್ಲ, ದಿನಾ ಬರೋದೇ. ಹುಲ್ಲು ಕೊಯ್ದಾಗ ಬರುತ್ತಲ್ಲ, ಹಾಗೆ. ಸ್ವಲ್ಪ ಕೆರೆ ಮಣ್ಣು. ಯಾಕೆ?"

"ಹುಲ್ಲು," ಅಂದ ಮೂಗಣ್ಣ. "ಹೌದು ಕಣೇ. ಹುಲ್ಲು."

ಅವಳು ತಿರುಗಿ ನೋಡಿದಳು. ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿದು ಆ ಉದ್ದ ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು, ಸುತ್ತ ಯಾರಿದ್ದಾರೆ ಅಂತ ಕೂಡ ನೋಡದೆ ಅವನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಅವಳ ಕೈತುಂಬ ಹಸಿರು. ಅವನ ಬೆನ್ನಿನ ಅಂಗಿಯ ಮೇಲೆ ಐದೂ ಬೆರಳು ಮೂಡಿದವು.

ಪೂರ್ತಿಯಾಗಿ ಅದು ಮರಳಲಿಲ್ಲ. ಹುಲ್ಲು ಬಂತು, ಸೋಪು ಬಂತು, ಹೊಲಿಗೆ ಯಂತ್ರದ ಎಣ್ಣೆ ಬಂತು. ಬಿಸಿ ಬ್ರೆಡ್ಡು ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಹಾಲು ಮಾತ್ರ ಬರಲೇ ಇಲ್ಲ. ಮ್ಯಾನೇಜರು ಒಮ್ಮೆ, "ಕಟ್ಟೆಗೆ ವಾಪಸು ಹೋಗ್ತೀರಾ ಅಂತ ಕೇಳೋ ಹಾಗಿಲ್ಲವಲ್ಲಾ" ಅಂತ ಬೇಜಾರಿನಲ್ಲಿ ಅಂದಾಗ, ಮೂಗಣ್ಣ ನಕ್ಕ. "ಸಾರ್, ಅವತ್ತು ನೀವು ಹೇಳೋಕೆ ನಾಲಿಗೆ ಬರ್ತಿಲ್ಲ ಅಂದ್ರಲ್ಲ, ಆ ಜಾಗ ನನಗೆ ದೇವರ ಹಾಗೆ ಒದಗಿತು. ನಿಮ್ಮ ಋಣ ತೀರಿಸೋಕಾಗಲ್ಲ." ಮೇಡಂಗೂ ಹೀಗೇ ಏನೋ ಹೇಳಲು ಹೋದ. ಅವಳು, ನಿಮ್ಮ ಕೊಳದ ದೆಸೆಯಿಂದಲೇ ನನ್ನ ಡಾಕ್ಟರೇಟು ಮುಗಿದದ್ದು, ಲೆಕ್ಕ ಸಮ ಅಣ್ಣ ಅಂದುಬಿಟ್ಟಳು. ಉಳಿದವಳು ಹೆಂಡತಿ. ಒಂದು ಸಂಜೆ ಮನೆಗೆ ನಡೆದು ಬರುವಾಗ ಶುರುಮಾಡಿದ.

"ನೋಡೇ, ನೀನು ಅವತ್ತು ಡಬ್ಬಿ ತರದೆ ಇದ್ದಿದ್ದರೆ..."

"ಸಾಕು ಬಿಡಿ. ಗಂಡ ಹೆಂಡತಿಗೆ ಥ್ಯಾಂಕ್ಸ್ ಹೇಳಿದರೆ ನೋಡಿದವರು ನಗ್ತಾರೆ. ಆ ಅಂಗಡೀಲಿ ಗುಂಡಿ ತಗೋಬೇಕು, ನೆನಪಿಸಿ" ಅಂದಳು. ಆದರೆ ನಡಿಗೆ ಸ್ವಲ್ಪ ನಿಧಾನ ಮಾಡಿ ಅವನ ಪಕ್ಕಕ್ಕೆ ಬಂದಳು.

ಈಗ ಮೇಡಂ ಬೇರೆ ಬೇರೆ ಕಾರ್ಖಾನೆಗಳಲ್ಲಿ ಇಂಥ ಕೊಳ ಮಾಡಿಸುತ್ತಿದ್ದಾಳೆ. ಹೊಸ ಕೊಳಕ್ಕೆ ಬೀಜವಾಗುವ ಪಾಚಿಯ ನೀರು ಹೋಗುವುದು ಇಲ್ಲಿಂದಲೇ. ಹೋದ ತಿಂಗಳು ಹಣ್ಣಿನ ರಸ ಮಾಡುವ ಕಾರ್ಖಾನೆಯೊಂದಕ್ಕೆ ಮೂಗಣ್ಣ ಮತ್ತು ಅವನ ಹೆಂಡತಿ ವ್ಯಾನಿನ ಹಿಂದೆ ಹಸಿರು ನೀರು ತುಂಬಿದ ಕ್ಯಾನುಗಳ ನಡುವೆ ಕೂತು, ಮುಚ್ಚಳ ಅಲುಗಾಡದಂತೆ ಹಿಡಿದುಕೊಂಡು ಹೋದರು. ಅಲ್ಲಿನ ಹಿತ್ತಲು ಕಾಯುವವನು ಮುಖಕ್ಕೆ ಟವೆಲು ಸುತ್ತಿಕೊಂಡು, ಈ ಜಾಗಕ್ಕೆ ನನ್ನ ತಂದು ಹಾಕಿದರಲ್ಲ ಅನ್ನುವ ಕಣ್ಣಲ್ಲಿ ನಿಂತಿದ್ದ. ಮೂಗಣ್ಣ ಮೊದಲ ಕ್ಯಾನು ಎತ್ತಿ ಅವನ ಕೈಗೇ ಕೊಟ್ಟ.

"ನೀವೇ ಸುರೀರಿ. ಮೆಲ್ಲಗೆ. ಬೆಳೆದ ಮೇಲೆ ಒಂದು ಕುರ್ಚಿ ತಂದು ಇಲ್ಲೇ ಹಾಕ್ಕೊಳ್ಳಿ."

"ಇಲ್ಲಿ ಕೂರೋದಾ?" ಅಂದ ಅವನು ಟವೆಲಿನ ಒಳಗಿಂದ.

"ಎರಡು ಹಾಕ್ಕೊಳ್ಳಿ," ಅಂದಳು ಹೆಂಡತಿ. "ನಿಮ್ಮ ಮನೆಯವರೂ ಬರ್ತಾರೆ."

ಅವನು ನಂಬಲಿಲ್ಲ. ಆದರೂ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದ. ಹಸಿರು ನೀರು ಕಂದು ನೀರಿಗೆ ಇಳಿದು, ಹರಡಿ, ಕಾಣದಾಯಿತು.